ದುಡಿಯುವ ಹೆಣ್ಣಿನ ಪರವಾಗಿ ಲೆಕ್ಕ ಕೇಳಿದ ಪತ್ರಕರ್ತೆ : ನೆಲ್ಲಿ ಬ್ಲೈ

ನೆಲ್ಲಿ ಬ್ಲೈ ಎಂಬ ಹೆಸರು ಪತ್ರಿಕೋದ್ಯಮದ ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಾದುದಲ್ಲ. ಎಪ್ಪತ್ತೆರಡು ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದ ಸಾಹಸಿ ಎಂದೂ, ಬುದ್ಧಿಭ್ರಮಣೆಯಾದವಳಂತೆ ನಟಿಸಿ ಹುಚ್ಚಾಸ್ಪತ್ರೆಯನ್ನು ಹೊಕ್ಕು ಅಲ್ಲಿಯ ಕ್ರೌರ್ಯವನ್ನು ಬಯಲಿಗೆಳೆದ ಧೀರೆ ಎಂದೂ ಲೋಕವು ಆಕೆಯನ್ನು ನೆನೆಯುತ್ತದೆ. ಇವೆರಡೂ ನಿಜವಾದ ಮಾತುಗಳೇ. ಆದರೆ ಈ ಎರಡು ಸಾಹಸಗಳ ಪ್ರಖರವಾದ ಬೆಳಕಿನಲ್ಲಿ ಆಕೆಯ ಜೀವನದ ಮುಖ್ಯವಾದ ಎಳೆಯೊಂದು ಮಸುಕಾಗಿ ಹೋಗಿದೆ. ದುಡಿಯಬಯಸುವ ಹೆಣ್ಣಿಗೆ ಕೆಲಸವೇಕೆ ದೊರೆಯುವುದಿಲ್ಲ, ದುಡಿಯುವ ಹೆಣ್ಣಿಗೆ ತಕ್ಕ ಪ್ರತಿಫಲವೇಕೆ ಸಲ್ಲುವುದಿಲ್ಲ, ಸಂಪಾದಿಸಿದ ಹಣವು ಕಡೆಗೆ ಯಾರ ಕೈ ಸೇರುತ್ತದೆ ಎಂಬ ಮೂರು ಪ್ರಶ್ನೆಗಳು ಆಕೆಯನ್ನು ಬಾಲ್ಯದಿಂದ ಮರಣದವರೆಗೆ ಬಿಡದೆ ಹಿಂಬಾಲಿಸಿದವು. ಆಕೆಯ ಬರವಣಿಗೆಯ ಮೂಲವೂ ಅಲ್ಲಿಯೇ ಇದೆ, ಬಾಳಿನ ದೊಡ್ಡ ಸೋಲಿನ ಮೂಲವೂ ಅಲ್ಲಿಯೇ ಇದೆ. ಆದುದರಿಂದ ಆಕೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತವಾಗಿದೆ.

ಆಕೆಯ ನಿಜವಾದ ಹೆಸರು ಎಲಿಜಬೆತ್ ಕಾಕ್ರನ್. ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಹಳ್ಳಿಯಲ್ಲಿ ೧೮೬೪ನೆಯ ಇಸವಿ ಮೇ ೫ರಂದು ಆಕೆ ಜನಿಸಿದಳು. ತಂದೆ ಮೈಕೇಲ್ ಕಾಕ್ರನ್ ಗಿರಣಿಯ ಒಡೆಯ. ಕೂಲಿಯಾಗಿ ಬಾಳನ್ನು ಆರಂಭಿಸಿ ಸ್ವಂತ ಪರಿಶ್ರಮದಿಂದ ಗಿರಣಿಯನ್ನೂ ಭೂಮಿಯನ್ನೂ ಸಂಪಾದಿಸಿದವನು. ಪ್ರಾಂತದ ನ್ಯಾಯಾಸನದಲ್ಲಿ ಕುಳಿತವನು. ಹಳ್ಳಿಗೂ ಆತನ ಹೆಸರೇ ಬಂದು ಅದು ಕಾಕ್ರನ್ಸ್ ಮಿಲ್ಸ್ ಎನಿಸಿತ್ತು. ಇಂಥ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ ಬಾಲಿಕೆಗೆ ಬಡತನದ ಪರಿಚಯವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ೧೮೭೦ರಲ್ಲಿ, ಆಕೆಗೆ ಆರು ವರ್ಷ ತುಂಬಿದಾಗ, ತಂದೆಯು ಉಯಿಲು ಬರೆಯದೆ ತೀರಿಕೊಂಡನು. ಇಬ್ಬರು ಹೆಂಡಿರಲ್ಲಿ ಆತನಿಗೆ ಹದಿನೈದು ಮಂದಿ ಮಕ್ಕಳು. ಆಸ್ತಿಯನ್ನು ಹಂಚಬೇಕಾಗಿ ಬಂದು ಮನೆಯೇ ಹರಾಜಾಯಿತು. ಎರಡನೆಯ ಪತ್ನಿಯಾಗಿದ್ದ ತಾಯಿ ಮೇರಿ ಜೇನ್‌ಳ ಪಾಲಿಗೆ ಬಂದದ್ದು ಅತ್ಯಲ್ಪ. ನಿನ್ನೆಯವರೆಗೆ ಆ ದೊಡ್ಡ ಮನೆಯ ಯಜಮಾನಿಯಾಗಿದ್ದವಳು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬೇರೊಂದು ಸೂರನ್ನು ಹುಡುಕಬೇಕಾಯಿತು.

ಆಸರೆಗಾಗಿ ತಾಯಿಯು ೧೮೭೩ರಲ್ಲಿ ಮರುವಿವಾಹವಾದಳು. ಆದರೆ ಆ ಪುರುಷನು ಮದ್ಯವ್ಯಸನಿಯೂ ಕ್ರೂರಿಯೂ ಆಗಿದ್ದನು. ಐದಾರು ವರ್ಷಗಳ ಯಾತನೆಯ ಅನಂತರ ಆಕೆ ವಿಚ್ಛೇದನವನ್ನು ಕೋರಿ ನ್ಯಾಯಾಲಯದ ಮೆಟ್ಟಿಲೇರಿದಳು. ಆ ಕಾಲದಲ್ಲಿ ಅದು ಕುಲೀನ ಸ್ತ್ರೀಯರು ಮಾಡುವ ಕೆಲಸವೆನಿಸಿರಲಿಲ್ಲ. ಹದಿನಾಲ್ಕು ವರ್ಷದ ಎಲಿಜಬೆತ್ ಸಾಕ್ಷಿಕಟ್ಟೆಯಲ್ಲಿ ನಿಂತು, ಮನೆಯೊಳಗೆ ತಾನು ಕಂಡುದನ್ನೆಲ್ಲ ನ್ಯಾಯಾಧೀಶರ ಎದುರಿಗೆ ಅಂಜದೆ ಹೇಳಿದಳು. ಕಂಡುದನ್ನು ಕಂಡಂತೆ ಸಾರ್ವಜನಿಕವಾಗಿ ಹೇಳುವ ಆಕೆಯ ವೃತ್ತಿಗೆ ಅದೇ ಮೊದಲ ಪಾಠವೆಂದರೂ ಸಲ್ಲುತ್ತದೆ. ಗಂಡಿನ ಸಂಪಾದನೆಯನ್ನೇ ನಂಬಿ ನಿಂತ ಹೆಣ್ಣು ಆತನು ಸತ್ತರೂ ಕೆಡುತ್ತಾಳೆ, ಕೆಟ್ಟವನಾಗಿ ಬದುಕಿದರೂ ಕೆಡುತ್ತಾಳೆ ಎಂಬ ಸತ್ಯವನ್ನು ಆಕೆ ಗ್ರಂಥಗಳಿಂದ ಕಲಿಯಲಿಲ್ಲ, ತಾಯಿಯ ಬಾಳಿನಿಂದ ಕಲಿತಳು.

ಸ್ವಂತ ಕಾಲಮೇಲೆ ನಿಲ್ಲಬೇಕೆಂದು ನಿಶ್ಚಯಿಸಿ ಎಲಿಜಬೆತ್ ೧೮೭೯ರಲ್ಲಿ ಇಂಡಿಯಾನ ಎಂಬ ಊರಿನ ಉಪಾಧ್ಯಾಯರ ತರಬೇತಿ ಶಾಲೆಯನ್ನು ಸೇರಿದಳು. ಅಂದು ಹೆಣ್ಣುಮಕ್ಕಳಿಗೆ ಮರ್ಯಾದೆಯ ಉದ್ಯೋಗವೆಂದರೆ ಉಪಾಧ್ಯಾಯಿನಿಯ ಕೆಲಸವೊಂದೇ. ತಂದೆಯ ಆಸ್ತಿಯಲ್ಲಿ ಆಕೆಗೆ ಸೇರಬೇಕಾಗಿದ್ದ ಹಣವು ಪಾಲಕನೊಬ್ಬನ ವಶದಲ್ಲಿತ್ತು. ಮೊದಲ ಅವಧಿ ಮುಗಿಯುವಷ್ಟರಲ್ಲಿ ಹಣ ಸಾಲದೆಂದು ತಿಳಿಯಿತು. ವಿದ್ಯಾಭ್ಯಾಸವು ಅಲ್ಲಿಗೇ ನಿಂತುಹೋಯಿತು. ತನ್ನ ಹಣದ ಲೆಕ್ಕವು ಪರರ ಕೈಯಲ್ಲಿದ್ದುದರ ಪರಿಣಾಮವನ್ನು ಆಕೆ ಅನುಭವಿಸಿದ್ದು ಅದೇ ಮೊದಲ ಸಲ. ಅದೇ ಕಡೆಯ ಸಲವಾಗಲಿಲ್ಲ.

ಕುಟುಂಬವು ೧೮೮೦ರಲ್ಲಿ ಪಿಟ್ಸ್‌ಬರ್ಗ್ ನಗರದ ಕಡೆಗೆ ಬಂದಿತು. ಕಬ್ಬಿಣ ಉಕ್ಕುಗಳ ಕಾರ್ಖಾನೆಗಳಿಂದ ಹಗಲೂ ಹೊಗೆ ಮುಸುಕಿದ ಊರು ಅದು. ತಾಯಿ ಬಾಡಿಗೆಗೆ ಜನರನ್ನಿಟ್ಟುಕೊಂಡು ಊಟ ವಸತಿಯ ಮನೆ ನಡೆಸಿದಳು. ಎಲಿಜಬೆತ್‌ಳಿಗಿಂತ ಹೆಚ್ಚೇನೂ ಓದಿರದ ಸಹೋದರರಿಗೆ ಕಚೇರಿಗಳಲ್ಲಿ ಕೆಲಸ ದೊರೆಯಿತು. ಆಕೆಗೆ ಮಾತ್ರ ಮನೆಗೆಲಸ, ಮಕ್ಕಳಿಗೆ ಪಾಠ ಹೇಳುವುದು ಇತ್ಯಾದಿ ಅಲ್ಪ ಕೆಲಸಗಳ ಹೊರತು ಮತ್ತೊಂದು ಬಾಗಿಲು ತೆರೆಯಲಿಲ್ಲ. ಹೀಗೆ ಸುಮಾರು ಐದು ವರ್ಷಗಳು ಕಳೆದವು.

೧೮೮೫ರ ಆದಿಯಲ್ಲಿ ಅಲ್ಲಿಯ ‘ಪಿಟ್ಸ್‌ಬರ್ಗ್ ಡಿಸ್‌ಪ್ಯಾಚ್’ ಎಂಬ ಪತ್ರಿಕೆಯಲ್ಲಿ ಎರಾಸ್ಮಸ್ ವಿಲ್ಸನ್ ಎಂಬ ಹೆಸರಾಂತ ಅಂಕಣಕಾರನು, ಹೆಣ್ಣಿನ ಸ್ಥಾನ ಮನೆಯೇ ಹೊರತು ಹೊರಗೆ ಹೋಗಿ ದುಡಿಯುವುದು ವಿಕಾರವೆಂಬರ್ಥದ ಲೇಖನವನ್ನು ಬರೆದನು. ಅದನ್ನು ಓದಿ ಎಲಿಜಬೆತ್ ಕೆರಳಿದಳು. ತಂದೆಯಿಲ್ಲದ, ಗಂಡನಿಲ್ಲದ, ಹಿಟ್ಟಿಗೂ ಗತಿಯಿಲ್ಲದ ಹೆಣ್ಣುಮಕ್ಕಳು ಯಾವ ಮನೆಯಲ್ಲಿ ಕುಳಿತಿರಬೇಕು? ಒಂಟಿ ಅನಾಥೆ ಎಂಬ ಅಂಕಿತವಿಟ್ಟು ಆಕೆ ಪತ್ರಿಕೆಗೆ ಓಲೆಯನ್ನು ಕಳುಹಿಸಿದಳು. ವ್ಯಾಕರಣವೂ ಬರಹದ ಓರಣವೂ ಅದರಲ್ಲಿರಲಿಲ್ಲ. ಆದರೆ ಸಂಪಾದಕ ಜಾರ್ಜ್ ಮ್ಯಾಡನ್ ಓಲೆಯ ಹಿಂದಿನ ಸತ್ತ್ವವನ್ನು ಗುರುತಿಸಿ, ಬರೆದವರು ಬಂದು ಕಾಣಬೇಕೆಂದು ಪತ್ರಿಕೆಯಲ್ಲಿಯೇ ಪ್ರಕಟಣೆ ಕೊಟ್ಟನು.

ಆಕೆಯ ಮೊದಲ ಲೇಖನವು ೧೮೮೫ರ ಜನವರಿ ೨೫ರಂದು ಬೆಳಕು ಕಂಡಿತು. ಅದರ ಶಿರೋನಾಮೆ ‘ದಿ ಗರ್ಲ್ ಪಜಲ್’, ಎಂದರೆ ಹೆಣ್ಣುಮಗಳೆಂಬ ಒಗಟು. ರೂಪವಾಗಲಿ ಹಣವಾಗಲಿ ವಿಶೇಷ ಪ್ರತಿಭೆಯಾಗಲಿ ಇಲ್ಲದ ಬಡ ಹುಡುಗಿಯು ಏನು ಮಾಡಬೇಕು ಎಂಬುದೇ ಅಲ್ಲಿಯ ಪ್ರಶ್ನೆ. ಬಡ ಹುಡುಗನನ್ನು ಕಚೇರಿಯ ಓಲೆಕಾರನ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಅವನು ಅಲ್ಲಿಂದ ಮೇಲೇರಬಲ್ಲನೆಂದು ಎಲ್ಲರೂ ನಂಬುತ್ತಾರೆ. ಅಷ್ಟೇ ಚುರುಕಾದ ಹುಡುಗಿಯನ್ನು ಮಾತ್ರ ಮೇಲೇರುವ ದಾರಿಯೇ ಇಲ್ಲದ ಕೆಲಸಕ್ಕೆ ಹಚ್ಚುತ್ತಾರೆ. ಓಲೆ ಒಯ್ಯುವ ಕೆಲಸಕ್ಕೆ, ರೈಲುಗಾಡಿಗಳ ಮೇಲ್ವಿಚಾರಣೆಗೆ ಹುಡುಗಿಯರನ್ನೇಕೆ ನೇಮಿಸಬಾರದೆಂದು ಆಕೆ ಕೇಳಿದಳು. ದಾನಧರ್ಮವನ್ನು ಆಕೆ ಬೇಡಲಿಲ್ಲ, ಏಣಿಯ ಮೊದಲ ಮೆಟ್ಟಿಲನ್ನು ಕೇಳಿದಳು. ಎರಡನೆಯ ಲೇಖನ ವಿಚ್ಛೇದನವನ್ನು ಕುರಿತದ್ದು. ಕೂಡಲೇ ವಾರಕ್ಕೆ ಐದು ಡಾಲರುಗಳ ಸಂಬಳದ ಮೇಲೆ ಆಕೆಗೆ ಕೆಲಸ ದೊರೆಯಿತು. ಸ್ತ್ರೀಯರು ಸ್ವನಾಮದಿಂದ ಬರೆಯುವುದು ಸಲ್ಲದೆಂಬ ರೂಢಿಗನುಸಾರವಾಗಿ, ಸ್ಟೀಫನ್ ಫಾಸ್ಟರ್ ಎಂಬಾತನ ಹಾಡೊಂದರಿಂದ ನೆಲ್ಲಿ ಬ್ಲೈ ಎಂಬ ಹೆಸರನ್ನು ಸಂಪಾದಕನೇ ಆಯ್ದು ಕೊಟ್ಟನು.

ಮುಂದೆ ಆಕೆ ಪಿಟ್ಸ್‌ಬರ್ಗಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕುರಿತು ಲೇಖನಮಾಲೆಯನ್ನು ಬರೆದಳು. ಇದರಿಂದ ಕಾರ್ಖಾನೆಯ ಒಡೆಯರು ಅಸಮಾಧಾನಗೊಂಡರೆಂದು ಆಕೆಯ ಚರಿತ್ರಕಾರರು ಹೇಳುತ್ತಾರೆ. ಸ್ವಲ್ಪ ಕಾಲದಲ್ಲಿಯೇ ಉಡುಗೆ ತೊಡುಗೆ, ಹೂದೋಟ, ಸಂಗೀತಸಭೆ ಮುಂತಾದ ಮಹಿಳೆಯರ ಪುಟದ ವಿಷಯಗಳು ಆಕೆಯ ಪಾಲಿಗೆ ಬಂದವು. ಇದು ಆಕೆಗೆ ಸೇರಲಿಲ್ಲ. ತಾಯಿಯನ್ನು ಜೊತೆಗೆ ಕರೆದುಕೊಂಡು ೧೮೮೬ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋಗಿ ಕೆಲವು ತಿಂಗಳು ಅಲ್ಲಿಂದ ವರದಿಗಳನ್ನು ಕಳುಹಿಸಿದಳು. ಮರಳಿದ ಮೇಲೆ ಮತ್ತೆ ಅದೇ ಪುಟ. ೧೮೮೭ರಲ್ಲಿ ಆಕೆ ಪಿಟ್ಸ್‌ಬರ್ಗನ್ನು ತೊರೆದು ನ್ಯೂಯಾರ್ಕಿಗೆ ನಡೆದಳು.

ಮಹಾನಗರದಲ್ಲಿ ತಿಂಗಳುಗಟ್ಟಲೆ ಅಲೆದ ಮೇಲೆ ಜೋಸೆಫ್ ಪುಲಿಟ್ಜರನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯು ಆಕೆಗೆ ಒಂದು ಕಠಿನ ಪರೀಕ್ಷೆಯನ್ನು ಒಡ್ಡಿತು. ಬ್ಲ್ಯಾಕ್‌ವೆಲ್ಸ್ ದ್ವೀಪದ ಸ್ತ್ರೀಯರ ಹುಚ್ಚಾಸ್ಪತ್ರೆಯನ್ನು ರೋಗಿಯಾಗಿ ಹೊಕ್ಕು ಬರುವುದೇ ಆ ಪರೀಕ್ಷೆ. ಆಕೆ ಅಲ್ಲಿ ಹತ್ತು ದಿನ ಇದ್ದಳು. ಹಳಸಿದ ಅನ್ನಾಹಾರ, ಮೈಕೊರೆಯುವ ತಣ್ಣೀರಿನ ಸ್ನಾನ, ಬಡಿತ ಬೈಗುಳ ಇವುಗಳ ವರ್ಣನೆಯು ಅಕ್ಟೋಬರಿನಲ್ಲಿ ಪ್ರಕಟವಾದಾಗ ನಗರವೇ ತಲ್ಲಣಿಸಿತು. ನ್ಯಾಯಮಂಡಲಿಯ ವಿಚಾರಣೆ ನಡೆದು, ಆಸ್ಪತ್ರೆಗಳಿಗೆ ಕೊಡುವ ಸಾರ್ವಜನಿಕ ಹಣವೂ ಹೆಚ್ಚಿತು. ಆದರೆ ಆ ವರದಿಯಲ್ಲಿ ಎಲ್ಲರೂ ಗಮನಿಸದ ಒಂದು ಅಂಶವಿದೆ. ಅಲ್ಲಿದ್ದ ಹಲವರು ಬುದ್ಧಿ ಕೆಟ್ಟವರಲ್ಲ, ಕೈಯಲ್ಲಿ ಕಾಸಿಲ್ಲದವರು. ಪರದೇಶದಿಂದ ಬಂದು ಆಂಗ್ಲ ಭಾಷೆಯನ್ನು ಅರಿಯದ ಬಡ ಹೆಂಗಸರು ತಮ್ಮ ಪರವಾಗಿ ಹೇಳುವವರಿಲ್ಲದೆ ಅಲ್ಲಿ ಸೇರಿದ್ದರು. ದಾರಿದ್ರ್ಯವೇ ಅವರ ರೋಗವಾಗಿತ್ತು.

ಇದರ ಬೆನ್ನಲ್ಲಿಯೇ ನೆಲ್ಲಿ ಬ್ಲೈ ಮನೆಗೆಲಸದವಳಂತೆ ವೇಷ ಧರಿಸಿ, ಕೆಲಸ ಕೊಡಿಸುವ ದಲ್ಲಾಳಿ ಸಂಸ್ಥೆಗಳ ಬಾಗಿಲಿಗೆ ಹೋದಳು. ಕೆಲಸ ಹುಡುಕುವ ಬಡವರಿಂದಲೇ ಶುಲ್ಕ ಪಡೆದು ಅವರನ್ನು ಗಂಟೆಗಟ್ಟಲೆ ಕೂರಿಸುವ ರೀತಿಯನ್ನು ಬರೆದಳು. ಅದೇ ವರ್ಷ ಕಾಗದದ ಪೆಟ್ಟಿಗೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೂಲಿಯಾಗಿ ಸೇರಿದಳು. ಕೆಲಸ ಕಲಿಯುವ ಅವಧಿಗೆ ಕೂಲಿಯಿಲ್ಲ. ಕಲಿತ ಮೇಲೆ ಪೆಟ್ಟಿಗೆಯ ಲೆಕ್ಕದಲ್ಲಿ ಪುಡಿಗಾಸು. ದಿನವಿಡೀ ದುಡಿದರೂ ಕೊಠಡಿಯ ಬಾಡಿಗೆ ಕಳೆದು ಹೊಟ್ಟೆಗೆ ಉಳಿಯುವುದು ಕಷ್ಟ. ಆ ಹುಡುಗಿಯರನ್ನು ಆಕೆ ಕರುಣಾಜನಕ ಚಿತ್ರಗಳನ್ನಾಗಿ ಮಾಡಲಿಲ್ಲ. ತಾನೇ ಅಂಟು ಹಚ್ಚಿ, ತಾನೇ ಬೆನ್ನು ನೋಯಿಸಿಕೊಂಡು, ಬಂದ ಕಾಸನ್ನು ಎಣಿಸಿ ವಾಚಕರ ಮುಂದಿಟ್ಟಳು. ಬಡವರ ಒಳ್ಳೆಯತನವನ್ನೂ ಮರೆಯದೆ ಹೇಳಿದಳು: ಹೊಸಬಳಾದ ತನಗೆ ಕೆಲಸ ಕಲಿಸಿಕೊಟ್ಟವರು ಸಮಯವೇ ಕೂಲಿಯಾಗಿದ್ದ ಆ ಹುಡುಗಿಯರೇ. ವೇಷ ಮರೆಸಿಕೊಂಡು ವರದಿ ತರುವ ಈ ವಿಧಾನವು ನ್ಯಾಯವೇ ಎಂಬ ಚರ್ಚೆ ಪತ್ರಿಕಾರಂಗದಲ್ಲಿ ಉಂಟು. ಆದರೆ ಒಡೆಯನ ಅಪ್ಪಣೆ ಪಡೆದು ಒಳಹೊಕ್ಕವರಿಗೆ ಆ ಕೂಲಿಯ ಲೆಕ್ಕ ಕಾಣುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಭೂಪ್ರದಕ್ಷಿಣೆಯ ಕಥೆ ಪ್ರಸಿದ್ಧವಾದುದು. ಜೂಲ್ಸ್ ವರ್ನನ ಕಾದಂಬರಿಯ ನಾಯಕನು ಎಂಬತ್ತು ದಿನಗಳಲ್ಲಿ ಸುತ್ತಿದ ಭೂಮಿಯನ್ನು ಇನ್ನೂ ಬೇಗ ಸುತ್ತಬಲ್ಲೆನೆಂದು ಆಕೆ ಹೇಳಿದಾಗ, ಹೆಂಗಸಿಗೆ ಕಾವಲಿನ ಜೊತೆಗಾರನೂ ಹತ್ತಾರು ಪೆಟ್ಟಿಗೆಗಳೂ ಬೇಕೆಂದು ಪತ್ರಿಕೆಯ ವ್ಯವಸ್ಥಾಪಕನು ಆಕ್ಷೇಪಿಸಿದನು. ಗಂಡಸನ್ನು ಕಳುಹಿಸಿದರೆ ತಾನು ಬೇರೊಂದು ಪತ್ರಿಕೆಯ ಪರವಾಗಿ ಅದೇ ದಿನ ಹೊರಟು ಅವನನ್ನು ಸೋಲಿಸುವುದಾಗಿ ಆಕೆ ಉತ್ತರವಿತ್ತಳು. ೧೮೮೯ರ ನವೆಂಬರ್ ೧೪ರಂದು ಒಂದು ಸಣ್ಣ ಕೈಚೀಲದೊಡನೆ ಒಬ್ಬಳೇ ಹೊರಟು, ಫ್ರಾನ್ಸಿನಲ್ಲಿ ವರ್ನನನ್ನೇ ಕಂಡು, ಸುಯೆಜ್, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮಾರ್ಗವಾಗಿ ೭೨ ದಿನ ೬ ಗಂಟೆ ೧೧ ನಿಮಿಷಗಳಲ್ಲಿ ಹಿಂತಿರುಗಿದಳು. ಅದು ೧೮೯೦ರ ಜನವರಿ ೨೫. ಮೊದಲ ಲೇಖನ ಅಚ್ಚಾಗಿ ಸರಿಯಾಗಿ ಐದು ವರ್ಷಗಳು ಅಂದಿಗೆ ತುಂಬಿದ್ದವು. ಆಕೆಯ ಹೆಸರಿನಲ್ಲಿ ಆಟದ ಸಾಮಾನುಗಳು ಮಾರಾಟವಾದವು. ಪ್ರಯಾಣದ ಅವಧಿಯನ್ನು ಊಹಿಸುವ ಸ್ಪರ್ಧೆಗೆ ವಾಚಕರಿಂದ ಲಕ್ಷಗಟ್ಟಲೆ ಚೀಟಿಗಳು ಬಂದಿದ್ದವು. ಆದರೆ ಇಷ್ಟೆಲ್ಲ ಪ್ರಚಾರವನ್ನು ಗಳಿಸಿಕೊಟ್ಟವಳಿಗೆ ಪತ್ರಿಕೆಯು ವಿಶೇಷ ಬಹುಮಾನವನ್ನೇನೂ ಕೊಡಲಿಲ್ಲ. ಪರರ ಕೂಲಿಗಾಗಿ ಬರೆದ ಆಕೆ ತನ್ನ ಕೂಲಿಯ ವಿಷಯದಲ್ಲಿ ಸುಮ್ಮನಿರಲಿಲ್ಲ. ಆ ಕೆಲಸವನ್ನು ಬಿಟ್ಟು ಹೊರಬಂದಳು.

ಮೂರು ವರ್ಷಗಳ ಮೇಲೆ, ೧೮೯೩ರಲ್ಲಿ, ಆಕೆ ಅದೇ ಪತ್ರಿಕೆಗೆ ಹಿಂತಿರುಗಿದಳು. ಮರುವರ್ಷ ಷಿಕಾಗೋ ನಗರದ ಬಳಿಯ ಪುಲ್‌ಮನ್ ಎಂಬಲ್ಲಿ ರೈಲುಗಾಡಿ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು. ಆ ಊರಿನ ಮನೆಗಳೆಲ್ಲ ಕಂಪೆನಿಯವೇ. ಕೂಲಿಯನ್ನು ಇಳಿಸಿದ ಕಂಪೆನಿಯು ಬಾಡಿಗೆಯನ್ನು ಮಾತ್ರ ಇಳಿಸಿರಲಿಲ್ಲ. ನೆಲ್ಲಿ ಬ್ಲೈ ಅಲ್ಲಿಗೆ ಹೋಗುವಾಗ ಮುಷ್ಕರಗಾರರೇ ಅವಿವೇಕಿಗಳೆಂದು ಎಣಿಸಿದ್ದಳು. ಮನೆಮನೆಗೆ ಹೋಗಿ ಗೃಹಿಣಿಯರೊಡನೆ ಮಾತಾಡಿ, ಕೂಲಿಯನ್ನೂ ಬಾಡಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಆಕೆಯ ಅಭಿಪ್ರಾಯ ಪೂರ್ಣವಾಗಿ ಬದಲಾಯಿತು. ಅದನ್ನು ಮುಚ್ಚಿಡದೆ ಬರೆದಳು. ಪೂರ್ವಗ್ರಹವನ್ನು ಕಣ್ಣೆದುರಿನ ಲೆಕ್ಕಕ್ಕೆ ಮಣಿಸುವ ಈ ಪ್ರಾಮಾಣಿಕತೆಯು ಪತ್ರಕರ್ತರಿಗೆ ಇರಬೇಕಾದ ಗುಣಗಳಲ್ಲಿ ದೊಡ್ಡದು. ೧೮೯೬ರಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಬಾಳನ್ನೇ ಸವೆಸಿದ ಸೂಸನ್ ಆಂತೊನಿಯನ್ನು ಕಂಡು ಆಕೆ ಪ್ರಕಟಿಸಿದ ಸಂದರ್ಶನವು ಇಂದಿಗೂ ಚರಿತ್ರಕಾರರಿಗೆ ಆಧಾರವಾಗಿದೆ.

ಇಷ್ಟರಲ್ಲಿ, ೧೮೯೫ರಲ್ಲಿ, ಆಕೆ ರಾಬರ್ಟ್ ಸೀಮನ್ ಎಂಬ ವೃದ್ಧ ಉದ್ಯಮಿಯನ್ನು ವಿವಾಹವಾಗಿದ್ದಳು. ಆಕೆಗೆ ಮೂವತ್ತು, ಆತನಿಗೆ ಎಪ್ಪತ್ತು ದಾಟಿದ ವಯಸ್ಸು. ಆತನ ‘ಐರನ್ ಕ್ಲ್ಯಾಡ್’ ಕಾರ್ಖಾನೆಯಲ್ಲಿ ಹಾಲಿನ ಪಾತ್ರೆ ಮುಂತಾದ ಲೋಹದ ಸಾಮಾನುಗಳು ತಯಾರಾಗುತ್ತಿದ್ದವು. ಕಾಲಕ್ರಮದಲ್ಲಿ ಆಡಳಿತವು ಆಕೆಯ ಕೈಗೆ ಬಂದಿತು; ೧೯೦೪ರಲ್ಲಿ ಪತಿಯು ತೀರಿಕೊಂಡ ಮೇಲೆ ಪೂರ್ಣ ಹೊಣೆಯೂ ಆಕೆಯದಾಯಿತು. ಯಂತ್ರಗಳ ಮರ್ಮವನ್ನು ಆಕೆ ಶ್ರದ್ಧೆಯಿಂದ ಕಲಿತಳು. ಹಾಲಿನ ಪಾತ್ರೆಯ ಒಂದು ಹೊಸ ಮಾದರಿಗೆ ೧೯೦೨ರಲ್ಲಿ ಆಕೆಯ ಹೆಸರಿನಲ್ಲಿಯೇ ಪೇಟೆಂಟ್ ದೊರೆಯಿತು. ಎಣ್ಣೆ ತುಂಬುವ ಉಕ್ಕಿನ ಪೀಪಾಯಿಯನ್ನೂ ಆಕೆಯೇ ಕಂಡುಹಿಡಿದಳೆಂಬ ಮಾತು ಪ್ರಚಾರದಲ್ಲಿದ್ದರೂ, ಅದು ಆಕೆಯ ನೌಕರನಾದ ಹೆನ್ರಿ ವೆರ್ಹಾನನ ಶೋಧನೆ. ಆತನು ಆ ಹಕ್ಕನ್ನು ಆಕೆಗೆ ವಹಿಸಿಕೊಟ್ಟನು. ಕಾರ್ಖಾನೆಯಲ್ಲಿ ಸುಮಾರು ೧೫೦೦ ಜನ ದುಡಿಯುತ್ತಿದ್ದರು. ಪೆಟ್ಟಿಗೆ ಕಾರ್ಖಾನೆಯ ಹುಡುಗಿಯರನ್ನು ಮರೆಯದ ಆಕೆ, ತನ್ನ ಕಾರ್ಮಿಕರಿಗೆ ಓದುವ ಮನೆ, ವ್ಯಾಯಾಮದ ಮನೆ, ಆರೋಗ್ಯದ ಅನುಕೂಲಗಳನ್ನು ಒದಗಿಸಿದಳು.

ಇಲ್ಲಿಯೇ ಆಕೆಯ ಬಾಳಿನ ದೊಡ್ಡ ಆಘಾತವು ಕಾದಿತ್ತು. ಯಂತ್ರಗಳನ್ನು ಬಲ್ಲವಳು, ಕಾರ್ಮಿಕರನ್ನು ಬಲ್ಲವಳು, ಹಣಕಾಸಿನ ಪುಸ್ತಕಗಳನ್ನು ಮಾತ್ರ ತೆರೆದು ನೋಡಲಿಲ್ಲ. ಅದು ತನಗೆ ಒಗ್ಗದ ವಿಷಯವೆಂದು ನಂಬಿಗಸ್ತರೆನಿಸಿದ ನೌಕರರಿಗೆ ಬಿಟ್ಟಿದ್ದಳು. ಅವರಲ್ಲಿ ಕೆಲವರು ಸುಳ್ಳು ಸಹಿಯ ಚೆಕ್ಕುಗಳ ಮೂಲಕ ಅಪಾರ ಹಣವನ್ನು ದೋಚಿದರು. ೧೯೧೧ರ ಹೊತ್ತಿಗೆ ಕಾರ್ಖಾನೆಯು ದಿವಾಳಿಯ ವ್ಯವಹಾರದಲ್ಲಿ ಸಿಲುಕಿತು. ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಅಲೆದರೂ ಕಳೆದುದು ಕೈಗೆ ಬರಲಿಲ್ಲ. ಇತರ ಹೆಣ್ಣುಮಕ್ಕಳ ಕೂಲಿಯನ್ನು ಕಾಸುಕಾಸಾಗಿ ಎಣಿಸಿ ಲೋಕಕ್ಕೆ ತೋರಿಸಿದವಳು ತನ್ನ ಲಕ್ಷಗಳನ್ನು ಎಣಿಸದೆ ಹೋದುದು ವಿಧಿವಿಲಾಸವೆನ್ನಬೇಕೆ? ಅಲ್ಲ. ಹೆಣ್ಣುಮಕ್ಕಳಿಗೆ ಹಣದ ಲೆಕ್ಕವನ್ನು ಕಲಿಸದೆ, ಅದು ಅವರ ಸ್ವಭಾವಕ್ಕೆ ಹೊಂದದೆಂದು ನಂಬಿಸಿದ ಸಮಾಜದ ರೂಢಿಯು, ಇಂಥ ಸ್ವತಂತ್ರ ಮನಸ್ಸಿನೊಳಗೂ ಬೇರುಬಿಟ್ಟಿತ್ತು ಎನ್ನಬೇಕು.

ಸೋತವಳು ಮೂಲೆ ಸೇರಲಿಲ್ಲ, ಲೇಖನಿಯನ್ನು ಮತ್ತೆ ಹಿಡಿದಳು. ೧೯೧೩ರ ಮಾರ್ಚಿನಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ನಡೆದ ಸ್ತ್ರೀಯರ ಮತಾಧಿಕಾರದ ಮಹಾ ಮೆರವಣಿಗೆಯ ವರದಿಯನ್ನು ಬರೆಯುತ್ತ, ೧೯೨೦ಕ್ಕೆ ಮುಂಚೆ ಆ ಹಕ್ಕು ದೊರೆಯಲಾರದೆಂದು ಊಹಿಸಿದಳು. ಅದು ೧೯೨೦ರಲ್ಲಿಯೇ ಸಂವಿಧಾನದ ತಿದ್ದುಪಡಿಯಾಗಿ ಕೈಗೂಡಿತು. ೧೯೧೪ರಲ್ಲಿ ಉದ್ಯಮಕ್ಕೆ ಹಣದ ನೆರವನ್ನು ಅರಸಿ ಆಸ್ಟ್ರಿಯಾಕ್ಕೆ ಹೋದಾಗ ಮೊದಲ ಮಹಾಯುದ್ಧವು ಸಿಡಿಯಿತು. ಆಕೆ ರಣರಂಗದಿಂದ ವರದಿಗಳನ್ನು ಕಳುಹಿಸಿದಳು. ೧೯೧೯ರಲ್ಲಿ ನ್ಯೂಯಾರ್ಕಿಗೆ ಮರಳಿ ‘ಈವನಿಂಗ್ ಜರ್ನಲ್’ ಪತ್ರಿಕೆಯ ಅಂಕಣಗಾರ್ತಿಯಾದಳು. ಕೆಲಸವಿಲ್ಲದವರು, ಗಂಡಂದಿರು ತೊರೆದ ತಾಯಂದಿರು ಆಕೆಗೆ ಬರೆಯುತ್ತಿದ್ದರು. ಆಕೆ ಅಂಕಣದ ಮೂಲಕ ಕೆಲವರಿಗೆ ಉದ್ಯೋಗವನ್ನೂ, ಅನಾಥ ಶಿಶುಗಳಿಗೆ ಮನೆಗಳನ್ನೂ ಹುಡುಕಿಕೊಟ್ಟಳು. ಹಿಂದೆ ಒಂಟಿ ಅನಾಥೆಯ ಅಂಕಿತದಿಂದ ಬರೆದವಳು ಈಗ ಅಂಥವರ ಓಲೆಗಳಿಗೆ ಉತ್ತರ ಕೊಡುವವಳಾದಳು.

೧೯೨೨ರ ಜನವರಿ ೨೭ರಂದು ಶ್ವಾಸಕೋಶದ ಜ್ವರದಿಂದ ಆಕೆ ನ್ಯೂಯಾರ್ಕಿನಲ್ಲಿ ನಿಧನಳಾದಳು. ಆಗ ಆಕೆಗೆ ೫೭ ವರ್ಷ. ಅಮೆರಿಕಾದ ಅತ್ಯುತ್ತಮ ವರದಿಗಾರ್ತಿ ಎಂದು ಪತ್ರಿಕೆಯು ಕೊಂಡಾಡಿತು. ಆದರೆ ಆಕೆಯನ್ನು ಮಣ್ಣು ಮಾಡಿದ ಸ್ಥಳದಲ್ಲಿ ಹೆಸರಿನ ಒಂದು ಕಲ್ಲೂ ಇರಲಿಲ್ಲ. ೧೯೭೮ರಲ್ಲಿ ಅಲ್ಲಿಯ ಪತ್ರಕರ್ತರ ಸಂಘವು ಆ ಕಲ್ಲನ್ನು ನಿಲ್ಲಿಸಿತು. ಹುಚ್ಚಾಸ್ಪತ್ರೆಯಿದ್ದ ದ್ವೀಪವು ಕಾಲಾಂತರದಲ್ಲಿ ರೂಸ್‌ವೆಲ್ಟ್ ದ್ವೀಪವೆಂಬ ಹೆಸರನ್ನು ಪಡೆಯಿತು. ೨೦೨೧ರಲ್ಲಿ ಅಲ್ಲಿ ಆಕೆಯ ಸ್ಮಾರಕವೊಂದು ಸಿದ್ಧವಾಯಿತು. ಕಂಚು ಮುಂತಾದ ಲೋಹಗಳಲ್ಲಿ ರೂಪಿಸಿದ ಸ್ತ್ರೀಯರ ದೊಡ್ಡ ಮುಖಗಳು ಅಲ್ಲಿವೆ. ಆಕೆಯ ಮೊದಲ ಲೇಖನದ ಶಿರೋನಾಮೆಯನ್ನೇ ಆ ಸ್ಮಾರಕಕ್ಕೆ ಇಟ್ಟಿದ್ದಾರೆ.

ನೆಲ್ಲಿ ಬ್ಲೈಳ ಬಾಳಿನಿಂದ ನಾವು ಧೈರ್ಯವನ್ನು ಕಲಿಯಬಹುದು; ಅದನ್ನು ಎಲ್ಲರೂ ಹೇಳುತ್ತಾರೆ. ಅದರೊಡನೆ ಇನ್ನೊಂದನ್ನೂ ಕಲಿಯಬೇಕು. ತಂದೆ ಬರೆಯದ ಉಯಿಲು, ಪಾಲಕನ ವಶದ ಹಣ, ನೌಕರರ ಕೈಯ ಪುಸ್ತಕ, ಹೀಗೆ ಮೂರು ಸಲ ಆಕೆಯ ಬಾಳನ್ನು ತಿರುಗಿಸಿದ್ದು ತಾನು ನೋಡದ ಲೆಕ್ಕ. ಹೆಣ್ಣಿಗೆ ಉದ್ಯೋಗ ದೊರೆಯಬೇಕು, ಸರಿಯಾದ ಕೂಲಿ ದೊರೆಯಬೇಕು. ಆದರೆ ಬಂದ ಹಣವನ್ನು ಕಾಯುವ ವಿದ್ಯೆಯೂ ಆಕೆಯ ಕೈಯಲ್ಲಿಯೇ ಇರಬೇಕು. ನಮ್ಮ ಶಾಲೆಗಳಲ್ಲಿ ಓದುವ ಬಾಲಿಕೆಯರು ಗಣಿತವನ್ನು ಪರೀಕ್ಷೆಯ ಹೊರೆಯೆಂದು ಬಗೆಯದೆ, ಮನೆಯ ಪತ್ರಗಳನ್ನೂ ಬ್ಯಾಂಕಿನ ಪುಸ್ತಕವನ್ನೂ ಸ್ವತಃ ಓದಿ ತಿಳಿಯುವಷ್ಟು ಕಲಿಯಲಿ. ತಂದೆತಾಯಿಗಳು ಆ ಪತ್ರಗಳನ್ನು ಗಂಡುಮಕ್ಕಳಿಗೆ ತೋರಿಸುವಂತೆಯೇ ಹೆಣ್ಣುಮಕ್ಕಳಿಗೂ ತೋರಿಸಲಿ. ಆ ಧೀರ ಪತ್ರಕರ್ತೆಯ ಸ್ಮರಣೆಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವು ಅದೇ ಆಗಿದೆ.